ಮಲ್ಪೆಯ ಮರಳೂ ರಂಪಣಿಯ ಪಾಲೂ
(ಕಾರ್ಮಿಕ ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ಬರುವ ತಿಂಗಳು ಸಂಘದ ವತಿಯಿಂದ ಮಲ್ಪೆಗೆ ಪ್ರವಾಸ ಎಂದು ನೋಟೀಸು ಬೋರ್ಡಿನಲ್ಲಿ ಅಂಟಿಸಿದ್ದಾರೆ. ನಾನು ಆ ಊರಿಗೆ ಹಲವು ಸಲ ಹೋಗಿ ಬಂದವನೆಂದು ಕಾರ್ಯದರ್ಶಿಗಳಿಗೆ ಯಾರೋ ಹೇಳಿದರಂತೆ. ಹೊರಡುವ ಮೊದಲು ಜನಕ್ಕೆ ನಾಲ್ಕು ಮಾತು ಹೇಳಿ ಎಂದು ಅಪ್ಪಣೆಯಾಯಿತು. ಸಮುದ್ರ ನೋಡುವುದಕ್ಕೆ ಭಾಷಣ ಯಾಕೆ ಎಂದು ಹಿಂದೆ ಕುಳಿತವರು ನಗುತ್ತಿದ್ದಾರೆ. ಸಮುದ್ರಕ್ಕೆ ಬೇಡ, ನಿಜ. ಅದನ್ನು ಯಾರೂ ತೋರಿಸಬೇಕಾಗಿಲ್ಲ, ಕಣ್ಣು ಬಿಟ್ಟರೆ ಕಾಣುತ್ತದೆ. ಅದರ ದಡದಲ್ಲಿ ದುಡಿಯುವವರು ಮಾತ್ರ ಅಷ್ಟು ಸುಲಭವಾಗಿ ಕಾಣುವುದಿಲ್ಲ. ನಮ್ಮ ಮಿಲ್ಲಿನ ಚಿಮಣಿ ಊರಿಗೆಲ್ಲ ಕಾಣುತ್ತದೆ, ಒಳಗೆ ನಿಂತು ನೂಲು ಕಟ್ಟುವವನು ಕಾಣುತ್ತಾನೆಯೇ? ಹಾಗೆ.

ಆಗುಂಬೆ ಘಾಟಿ ಇಳಿದು ಉಡುಪಿ ಸೇರಿದರೆ ಅಲ್ಲಿಂದ ಪಡುವಣಕ್ಕೆ ಸುಮಾರು ಆರು ಕಿಲೋಮೀಟರು. ಈಗ ಉಡುಪಿ ನಗರಸಭೆಗೇ ಸೇರಿಹೋಗಿದೆ. ಆದರೂ ಅಲ್ಲಿಯ ಜನ ಇನ್ನೂ ಊರು ಎಂದೇ ಮಾತನಾಡುತ್ತಾರೆ. ಉದ್ಯಾವರದ ಹೊಳೆ ಕಡಲಿಗೆ ಸೇರುವ ಅಳಿವೆಯ ಬಾಯಲ್ಲಿ ಬಂದರು. ಹೊಳೆಗೂ ಕಡಲಿಗೂ ನಡುವೆ ಪಡುಕೆರೆ ಎಂಬ ಉದ್ದನೆಯ ಮರಳಿನ ಪಟ್ಟಿ, ತೆಂಗಿನ ತೋಟ, ತೋಟದೊಳಗೆ ಹೆಂಚಿನ ಮನೆ. ಚಿತ್ರ ಬರೆಯುವವರು ಬೇರೆ ಕಡೆ ಹೋಗಬೇಕಾಗಿಲ್ಲ.

ಹಳೆಯ ಊರು ಎಂಬುದರಲ್ಲಿ ಸಂಶಯವಿಲ್ಲ. ಅದೇ ಹೊಳೆಯ ದಂಡೆಯ ಉದ್ಯಾವರದಲ್ಲಿ ಆಳುಪ ಅರಸರು ರಾಜ್ಯವಾಳಿದರು; ಅಲ್ಲಿ ಸಿಕ್ಕಿದ ಅವರ ಕನ್ನಡ ಶಾಸನಗಳು ಸಾವಿರ ವರುಷಕ್ಕೂ ಹಿಂದಿನವು. ದ್ವಾರಕೆಯಿಂದ ಬಂದ ಹಡಗೊಂದು ಮಲ್ಪೆಯ ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕಿತು, ಮಧ್ವಾಚಾರ್ಯರು ದಡದಿಂದ ಅದನ್ನು ಪಾರುಮಾಡಿದರು, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗಿಂದ ಉಡುಪಿಯ ಕೃಷ್ಣ ಹೊರಬಂದ ಎಂಬುದು ಎಲ್ಲರೂ ಕೇಳಿದ ಕಥೆ. ಮಲ್ಪೆಯ ವಡಭಾಂಡೇಶ್ವರದ ಬಲರಾಮನ ಗುಡಿಯಲ್ಲಿ ಈ ಕಥೆಯನ್ನು ಇಂದಿಗೂ ಹೇಳುತ್ತಾರೆ. ಕಡಲಿನೊಳಗಿನ ಒಂದು ದ್ವೀಪದ ಮೇಲೆ ದರಿಯಾ ಬಹದ್ದೂರ್‌ಗಡ ಎಂಬ ಕೋಟೆಯ ಅವಶೇಷಗಳಿವೆ. ಬಿದನೂರಿನ ಬಸಪ್ಪನಾಯಕ ಕಟ್ಟಿಸಿದ್ದು ಎನ್ನುತ್ತಾರೆ. ಘಟ್ಟದ ಮೇಲಿನ ಅರಸನಿಗೂ ಕಡಲಿನ ಮೇಲೆ ಕಣ್ಣಿತ್ತು, ಯಾಕೆಂದರೆ ಅಕ್ಕಿ, ಮೆಣಸು ಹೋಗುತ್ತಿದ್ದ ದಾರಿ ಅದು. 1886ರಲ್ಲಿ ಬಾಸೆಲ್ ಮಿಶನ್ನಿನವರು ಮಲ್ಪೆಯಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅಂದರೆ ಮಜೂರಿಯ ಲೆಕ್ಕ, ಗಂಟೆಯ ಶಿಸ್ತು, ಕಾರ್ಖಾನೆಯ ಬಾಗಿಲು ಆ ಊರಿಗೆ ಹೊಸತೇನೂ ಅಲ್ಲ.

ಸೇಂಟ್ ಮೇರಿ ದ್ವೀಪಕ್ಕೆ ನೀವು ಹೋಗಿಯೇ ಹೋಗುತ್ತೀರಿ. ಹೋಗಿ. ದೋಣಿಯ ಟಿಕೀಟಿಗೆ ಕೊಟ್ಟ ದುಡ್ಡು ದಂಡವಾಗುವುದಿಲ್ಲ. ಬಡಗಿ ಉಳಿ ಹಿಡಿದು ಕೆತ್ತಿದಂತೆ ಐದಾರು ಮುಖದ ಕಲ್ಲಿನ ಕಂಬಗಳು ಒತ್ತೊತ್ತಾಗಿ ನಿಂತಿವೆ. ಮನುಷ್ಯ ಕೈ ಇಟ್ಟದ್ದಲ್ಲ; ಭೂಮಿಯೊಳಗಿಂದ ಉಕ್ಕಿದ ಕಲ್ಲಿನ ರಸ ಆರುವಾಗ ಸೀಳಿ ಹಾಗಾಯಿತು. ಸುಮಾರು 8.8 ಕೋಟಿ ವರುಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಹರಿದು ದೂರ ಹೋಗುತ್ತಿದ್ದ ಕಾಲದ ಕಲ್ಲು ಎಂದು ಭೂಶಾಸ್ತ್ರದವರು ಲೆಕ್ಕ ಹಾಕಿದ್ದಾರೆ. ಸರಕಾರ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟು ಹೆಸರಿಟ್ಟನೆಂದು ಹೇಳಿಕೆ. ಎಂಟು ಕೋಟಿ ವರುಷ ಹೆಸರಿಲ್ಲದೆ ನಿಂತ ಕಲ್ಲಿಗೆ ಒಂದು ದಿನ ಇಳಿದವನು ಹೆಸರಿಟ್ಟು ಹೋದ. ದಿನವೂ ಅದರ ಸುತ್ತ ಬಲೆ ಬಿಟ್ಟವರನ್ನು ಯಾರೂ ಕೇಳಲಿಲ್ಲ. ಇರಲಿ.

ದ್ವೀಪದಿಂದ ಮರಳಿ ದಡಕ್ಕೆ ಬಂದು ನಿಂತಾಗ ಎದುರಿಗೆ ಅಗಲವಾದ, ಖಾಲಿಯಾದ, ಹಾಸಿಗೆಯಂಥ ಮರಳು. ಮಕ್ಕಳು ಓಡುತ್ತಾರೆ, ಕಡಲೆಕಾಯಿ ಮಾರುವವರು, ಒಂಟೆ ಸವಾರಿ. ಈ ತೀರದಲ್ಲಿ ಉಚಿತ ವೈಫೈ ಎಂದು 2016ರಲ್ಲಿ ಪತ್ರಿಕೆಗಳು ದೊಡ್ಡ ಅಕ್ಷರದಲ್ಲಿ ಬರೆದವು. ಎಷ್ಟು ಚೆಂದ, ಎಷ್ಟು ವಿಶಾಲ ಎಂದು ಎಲ್ಲರೂ ಹೇಳುತ್ತಾರೆ. ಈ ಮರಳು ಇಷ್ಟು ಖಾಲಿ ಯಾಕೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ನನ್ನ ಈ ಹೊತ್ತಿನ ಮಾತೆಲ್ಲ ಆ ಒಂದು ಪ್ರಶ್ನೆಗೆ ಸೇರಿದ್ದು.

ಐವತ್ತು ವರುಷದ ಹಿಂದೆ ಇಂಥ ಮರಳು ಹೀಗೆ ಖಾಲಿ ಇರುತ್ತಿರಲಿಲ್ಲ. ಅದರ ಮೇಲೆ ರಂಪಣಿ ಇತ್ತು.

ರಂಪಣಿ ಎಂದರೆ ಬಲೆ. ಆದರೆ ಒಬ್ಬನ ಹೆಗಲ ಮೇಲೆ ಹೋಗುವ ಬಲೆಯಲ್ಲ. ನೂರಾರು ತುಂಡುಗಳನ್ನು ಒಂದಕ್ಕೊಂದು ಕಟ್ಟಿ ಮಾಡಿದ, ಹರಡಿದರೆ ಒಂದು ಕಿಲೋಮೀಟರಿನ ಸುಮಾರಿಗೂ ಬರುವ ಬಲೆ. ಗೋವೆಯ ಕಡೆಯಿಂದ ನಮ್ಮ ಕರಾವಳಿಗೆ ಬಂದದ್ದು. ನೈಲಾನು ಬರುವ ಮೊದಲು ಸಣಬಿನ ಹುರಿ, ಹತ್ತಿಯ ನೂಲು ಇದರ ಸಾಮಾನು. ಮನೆ ಮನೆಯಲ್ಲಿ ಹೆಣೆಯುತ್ತಿದ್ದರು, ಕೊಳೆಯದಂತೆ ಮರದ ತೊಗಟೆಯ ಕಷಾಯಕ್ಕೆ ಅದ್ದುತ್ತಿದ್ದರು. ಕೂಟಕ್ಕೆ ಸೇರಿದ ಒಂದೊಂದು ಮನೆಯೂ ತನ್ನ ಪಾಲಿನ ತುಂಡು ತರಬೇಕು. ಎಲ್ಲರ ತುಂಡೂ ಸೇರಿದರೆ ಬಲೆ. ಯಾರದೂ ಒಂಟಿಯಾಗಿ ಬಲೆಯಲ್ಲ.

ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ ಬಂಗುಡೆ, ಬೂತಾಯಿಯ ಹಿಂಡು ದಡದ ಹತ್ತಿರ ಬರುತ್ತದೆ. ನೋಟ ಬಲ್ಲ ಹಿರಿಯರು ನೀರಿನ ಬಣ್ಣ ನೋಡಿ, ಹಕ್ಕಿ ಎರಗುವುದನ್ನು ನೋಡಿ, ಇಂತಲ್ಲಿ ಮೀನು ಎನ್ನುತ್ತಿದ್ದರು. ಕೂಗು ಹೋದ ಕೂಡಲೇ ದೊಡ್ಡ ದೋಣಿ ನೀರಿಗೆ. ಬಲೆಯ ಒಂದು ತುದಿಯ ಹಗ್ಗ ದಡದಲ್ಲಿ ನಿಂತವರ ಕೈಯಲ್ಲಿ. ದೋಣಿ ಬಲೆಯನ್ನು ಬಿಡುತ್ತ ಬಿಡುತ್ತ ಅರ್ಧ ಚಂದ್ರದ ಹಾಗೆ ಸುತ್ತಿ ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತಂದು ಕೊಡುತ್ತದೆ. ಆಮೇಲೆ ಎಳೆತ. ಐವತ್ತು, ಅರುವತ್ತು, ಕೆಲವು ಕಡೆ ಅದಕ್ಕೂ ಹೆಚ್ಚು ಜನ ಎರಡು ಸಾಲಾಗಿ ಮರಳಿನಲ್ಲಿ ಹಿಮ್ಮಡಿ ಊರಿ ಎಳೆಯುತ್ತಾರೆ. ಗಂಟೆಗಟ್ಟಲೆ.

ಬುದ್ಧಿವಂತಿಕೆ ಇರುವುದು ಆಮೇಲೆ. ಮೀನು ರಾಶಿ ಬಿದ್ದ ದಿನ ಎಲ್ಲವನ್ನೂ ಒಮ್ಮೆಗೇ ದಡಕ್ಕೆ ಎಳೆದು ಹಾಕಿದರೆ ಬೆಲೆ ಪಾತಾಳಕ್ಕೆ ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ಅದಕ್ಕೆ ಬಲೆಯನ್ನು ಆಳವಿಲ್ಲದ ನೀರಿನಲ್ಲಿಯೇ ದೊಡ್ಡಿಯ ಹಾಗೆ ನಿಲ್ಲಿಸಿ, ಮೀನನ್ನು ಜೀವಂತವಾಗಿ ತಡೆದು, ಒಂದೆರಡು ದಿನ ಬೇಕಾದಷ್ಟು ಬೇಕಾದಷ್ಟೇ ತೆಗೆದು ಮಾರುತ್ತಿದ್ದರು. ನಮ್ಮ ಸಂತೆಯಲ್ಲಿ ಟೊಮೆಟೊ ಮಾರುವ ರೈತನಿಗೂ ಈ ಅನುಕೂಲ ಇಲ್ಲ. ಮಂಡಿಯವನು ಹೇಳಿದ ಬೆಲೆಗೆ ಸುರಿದು ಬರಬೇಕು. ಇಲ್ಲಿ ಕೂತಿರುವ ಅಂಗಡಿಯವರಿಗೆ ಇದರ ಬೆಲೆ ಏನೆಂದು ನಾನು ಹೇಳಬೇಕಾಗಿಲ್ಲ: ಸರಕು ಕೆಡದೆ ಕಾಯಬಲ್ಲವನೇ ದರ ಹೇಳಬಲ್ಲವನು.

ಬಂದದ್ದು ಪಾಲು. ಬಲೆಯ ತುಂಡಿಗೆ ಇಷ್ಟು, ದೋಣಿಗೆ ಇಷ್ಟು, ಎಳೆದ ಕೈಗೆ ಇಷ್ಟು.

ಇದು ರಾಮರಾಜ್ಯವಾಗಿತ್ತೆಂದು ನಾನು ಹೇಳುವುದಿಲ್ಲ. ಹೆಚ್ಚು ತುಂಡು ಇದ್ದವನಿಗೆ ಹೆಚ್ಚು ಪಾಲು ಬಂತು, ಒಂದು ತುಂಡೂ ಇಲ್ಲದವನಿಗೆ ಕೈಯ ಪಾಲು ಮಾತ್ರ. ಮೀನು ಬಾರದ ವರುಷ ಇಡೀ ಊರು ಉಪವಾಸ ಬಿತ್ತು. ಬೂತಾಯಿ ಒಂದಷ್ಟು ವರುಷ ಹೇರಳ, ಮತ್ತೊಂದಷ್ಟು ವರುಷ ಮಾಯ, ಇದು ಹಿಂದಿನಿಂದಲೂ ಇದ್ದದ್ದೇ. ಹೊತ್ತು ಮಾರಿದ ಹೆಂಗಸರ ದುಡಿಮೆಯನ್ನು ಪಾಲಿನ ಲೆಕ್ಕದಲ್ಲಿ ಯಾರೂ ಬರೆಯಲಿಲ್ಲ. ಆದರೂ ಒಂದು ಸಂಗತಿ ನಿಂತಿತು: ಎಳೆಯುವವನೂ ಒಡೆಯನೂ ಬೇರೆ ಬೇರೆ ಅಲ್ಲ. ಕೈಮಗ್ಗದ ಕಾಲದಲ್ಲಿ ನಮ್ಮ ಅಜ್ಜಂದಿರ ಮಗ್ಗ ಅವರದೇ ಆಗಿತ್ತಲ್ಲ, ಹಾಗೆ.

ಹೀಗಿರುವಲ್ಲಿ ಏನಾಯಿತು? 1950ರ ದಶಕದಿಂದ ಯಂತ್ರದ ದೋಣಿಗಳು ಬರತೊಡಗಿದವು. ಕೆಳಗಿನ ನೀರು ಗುಡಿಸುವ ಟ್ರಾಲರುಗಳು ಬಂದವು. ಸೀಗಡಿಯನ್ನು ಹೊರದೇಶಕ್ಕೆ ಕಳುಹಿಸಿದರೆ ದುಡ್ಡು ಎಂದು ಎಲ್ಲರಿಗೂ ಗೊತ್ತಾಯಿತು. ರಂಪಣಿಗೆ ಅದರಿಂದ ಅಷ್ಟಾಗಿ ಪೆಟ್ಟು ಬೀಳಲಿಲ್ಲ. ಪೆಟ್ಟು ಬಿದ್ದದ್ದು 1975ರ ಸುಮಾರಿಗೆ ಪರ್ಸೀನ್ ಬಲೆ ಬಂದಾಗ. ಅಜ್ಜಿಯರ ಎಲೆಅಡಿಕೆಯ ಸಂಚಿ ನೋಡಿದ್ದೀರಲ್ಲ, ಬಾಯಿಯ ದಾರ ಎಳೆದರೆ ಮುಚ್ಚಿಕೊಳ್ಳುವಂಥದ್ದು? ಅದನ್ನು ತಲೆಕೆಳಗು ಮಾಡಿ ಯೋಚಿಸಿ. ಆಳದ ಕಡಲಿನಲ್ಲಿ ಮೀನಿನ ಹಿಂಡನ್ನು ಸುತ್ತಿ ಬಲೆ ಬಿಟ್ಟು, ಕೆಳಗಿನ ಬಳೆಗಳಲ್ಲಿ ಹಾದುಹೋದ ಹಗ್ಗವನ್ನು ಯಂತ್ರದಿಂದ ಎಳೆದರೆ ಅಡಿ ಮುಚ್ಚಿಹೋಯಿತು. ಹಿಂಡಿಗೆ ಹಿಂಡೇ ಸಂಚಿಯೊಳಗೆ. ಅದೇ ಬಂಗುಡೆ, ಅದೇ ಬೂತಾಯಿ. ಆದರೆ ದಡಕ್ಕೆ ಬರುವ ಮೊದಲೇ ಸಿಕ್ಕಿಬಿಟ್ಟಿತು. ದಡದಲ್ಲಿ ಬಲೆ ಹಿಡಿದು ಕಾಯುತ್ತಿದ್ದವರು ಕಾಯುತ್ತಲೇ ಉಳಿದರು. ಕೆಲವೇ ವರುಷಗಳಲ್ಲಿ ಇಂಥ ದೋಣಿಗಳು ನೂರಾರಾದವು, ರಂಪಣಿಗಳು ಒಂದೊಂದಾಗಿ ಮನೆಯ ಅಟ್ಟ ಸೇರಿದವು.

ಯಂತ್ರದ ಮೇಲೆ ನನಗೆ ದ್ವೇಷವಿಲ್ಲ. ಮಿಲ್ಲಿನಲ್ಲಿ ದುಡಿಯುವವರ ಎದುರು ನಿಂತು ಯಂತ್ರವನ್ನು ಬೈಯುವುದು ಪೊಳ್ಳು ಮಾತಾಗುತ್ತದೆ. ಪ್ರಶ್ನೆ ಇರುವುದು ಯಂತ್ರ ಯಾರ ಹೆಸರಿನಲ್ಲಿ ಬಂತು ಎಂಬುದರಲ್ಲಿ. ಪರ್ಸೀನ್ ದೋಣಿಗೆ, ಬಲೆಗೆ ಬೇಕಾದ ಹಣ ಒಂದು ಮನೆಯ ಹುರಿಯ ತುಂಡಿನಂಥದ್ದಲ್ಲ. ಬ್ಯಾಂಕಿನ ಸಾಲ ಬೇಕು, ಸಾಲಕ್ಕೆ ಆಧಾರ ಬೇಕು. ಆಧಾರ ಇದ್ದವನಿಗೆ ಸಾಲ, ಸಾಲ ಸಿಕ್ಕವನಿಗೆ ದೋಣಿ, ದೋಣಿ ಇದ್ದವನಿಗೆ ಮೀನು. ಉಳಿದವರು ಅದೇ ದೋಣಿಯ ಮೇಲೆ ಕೆಲಸಕ್ಕೆ. ರಂಪಣಿಯವರು ಗಲಾಟೆ ಮಾಡಿದರು, ಮೆರವಣಿಗೆ ಹೋದರು. ಕೆಲವು ಕಡೆ ರಂಪಣಿಯ ಕೂಟಗಳೇ ಗುಂಪಾಗಿ ಸಾಲ ಎತ್ತಿ ಪರ್ಸೀನ್ ದೋಣಿ ಮಾಡಿಕೊಂಡವು, ಸರಕಾರವೂ ನೆರವಾಯಿತು. ಆದರೆ ಅರುವತ್ತು ಎಪ್ಪತ್ತು ಜನ ಎಳೆಯುತ್ತಿದ್ದ ಕಡೆ ಈಗ ಇಪ್ಪತ್ತೈದು ಮೂವತ್ತು ಜನ ಸಾಕಾಯಿತು. ಮಿಕ್ಕವರು ಎಲ್ಲಿ ಹೋಗಬೇಕು? ಬೊಂಬಾಯಿಗೆ ಹೋದರು.

ಕಾಲವನ್ನು ಸ್ವಲ್ಪ ಜೋಡಿಸಿ ನೋಡಿ. 1974ರ ಮಾರ್ಚಿ 1ರಂದು ಭೂಸುಧಾರಣೆಯ ತಿದ್ದುಪಡಿ ಕಾನೂನು ನಮ್ಮ ರಾಜ್ಯದಲ್ಲಿ ಜಾರಿಗೆ ಬಂತು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಜೈಲಿಗೆ ಹೋದವರು ಕೇಳಿದ್ದು ಅದನ್ನೇ. ಅದರ ಫಲ ಬಹಳವಾಗಿ ಕಂಡ ಜಿಲ್ಲೆಗಳಲ್ಲಿ ಆಗಿನ ದಕ್ಷಿಣ ಕನ್ನಡವೂ ಒಂದು. ಮಲ್ಪೆ ಆಗ ಅದರೊಳಗೇ ಇತ್ತು, ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಅಂದರೆ ಒಂದೇ ಜಿಲ್ಲೆಯಲ್ಲಿ, ಒಂದೆರಡು ವರುಷಗಳ ಅಂತರದಲ್ಲಿ, ಗದ್ದೆಯಲ್ಲಿ ಉಳುವವನು ಒಡೆಯನಾದ. ಕಡಲಿನಲ್ಲಿ ಎಳೆಯುವ ಒಡೆಯ ಕೂಲಿಯಾದ. ಗದ್ದೆಗೆ ಪಹಣಿ ಇತ್ತು, ಗೇಣಿ ಚೀಟಿ ಇತ್ತು, ನ್ಯಾಯಮಂಡಳಿಯ ಮುಂದೆ ನಿಂತು ಇದು ನನ್ನದು ಎನ್ನಲು ಬಾಯಿ ಇತ್ತು. ಅಲೆಗೆ ಸರ್ವೆ ನಂಬರು ಎಲ್ಲಿ? ದಡದ ಹಕ್ಕು ಕಳೆದದ್ದಕ್ಕೆ ಯಾರೂ ನೋಟೀಸು ಕೊಡಲಿಲ್ಲ, ಯಾರೂ ಪರಿಹಾರ ಬರೆಯಲಿಲ್ಲ. ನಮ್ಮ ಕಡೆಯ ಚಳುವಳಿಗಾರರೂ ಆ ದಿನಗಳಲ್ಲಿ ನೆಲ ನೋಡಿದಷ್ಟು ನೀರು ನೋಡಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಕಳೆದ ಸಲ ಹೋದಾಗ ಪಡುಕೆರೆಯ ದಾರಿಯಲ್ಲಿ ಜಗಲಿಯ ಮೇಲೆ ಕೂತು ಹರಿದ ಬಲೆ ಸರಿಮಾಡುತ್ತಿದ್ದ ಮುದುಕರೊಬ್ಬರು ಸಿಕ್ಕಿದರು. ಎಪ್ಪತ್ತು ದಾಟಿದ ವಯಸ್ಸು. “ಅಜ್ಜಾ, ರಂಪಣಿ ಎಳೆದಿದ್ದೀರಾ?” ಎಂದೆ. “ಎಳೆಯದೆ ಎಂತ ಮಾಷ್ಟ್ರೇ? ಮದುವೆ ಆದ ವರ್ಷವೂ ಎಳೆದಿದ್ದೆ” ಎಂದರು. ಈಗಿನ ದೋಣಿ ಒಳ್ಳೆಯದೋ ಆಗಿನದೋ ಎಂದು ಕೇಳಿದ್ದಕ್ಕೆ ಸುಮ್ಮನೆ ನಕ್ಕರು. “ಈಗಿನದರಲ್ಲಿ ದುಡ್ಡು ಉಂಟು. ಆದರೆ ಆಗ ಮೀನು ಬಿತ್ತು ಅಂತ ಕೂಗಿದರೆ ಮನೆಯಲ್ಲಿ ಇದ್ದವರೆಲ್ಲ ಓಡುವುದು. ಈಗ ಕೂಗುವವರು ಯಾರು, ಮೊಬೈಲಲ್ಲಿ ಆಗ್ತದೆ. ಮಗ ದೋಣಿಯಲ್ಲಿ ಇದ್ದಾನೆ. ದೋಣಿ ಅವನದ್ದಲ್ಲ.” ಇಷ್ಟು ಹೇಳಿ ಮತ್ತೆ ಸೂಜಿಗೆ ಕೈ ಹಾಕಿದರು.

ದೋಣಿಯ ಧಣಿಗಳನ್ನು ರಾಕ್ಷಸರೆಂದು ಬಣ್ಣಿಸುವುದು ಸುಲಭ, ಆದರೆ ನ್ಯಾಯವಲ್ಲ. ಅವರಲ್ಲಿ ಅನೇಕರು ರಂಪಣಿ ಎಳೆದವರ ಮಕ್ಕಳು, ಮೊಮ್ಮಕ್ಕಳೇ. ಡೀಸೆಲಿನ ಖರ್ಚು, ಮಂಜುಗಡ್ಡೆಯ ಖರ್ಚು, ಬ್ಯಾಂಕಿನ ಕಂತು, ದಲಾಲಿಯಿಂದ ತೆಗೆದ ಮುಂಗಡ, ಇವೆಲ್ಲ ಕುತ್ತಿಗೆಗೆ ಕೂತಿರುತ್ತವೆ. ಪಾಲು ಎಂಬ ಹಳೆಯ ಮಾತು ದೋಣಿಯಲ್ಲಿ ಇನ್ನೂ ಉಳಿದಿದೆ. ಖರ್ಚೆಲ್ಲ ಕಳೆದ ಮೇಲೆ ಉಳಿದದ್ದರಲ್ಲಿ ಪಾಲು. ಕಳೆಯುವ ಲೆಕ್ಕ ಯಾರ ಪುಸ್ತಕದಲ್ಲಿ ಇರುತ್ತದೆಂದು ಮಿಲ್ಲಿನ ಬೋನಸ್ಸಿಗೆ ಹೋರಾಡಿದವರಿಗೆ ತಿಳಿದಿದೆ. ಕಂತು ಕಟ್ಟಬೇಕಾದ ದೋಣಿ ದಡದಲ್ಲಿ ನಿಲ್ಲಲಾರದು, ಇನ್ನೂ ಆಳಕ್ಕೆ, ಇನ್ನೂ ದೂರಕ್ಕೆ ಹೋಗಬೇಕು. ರಾತ್ರಿ ಕಣ್ಣು ಕುಕ್ಕುವ ದೀಪ ಬಿಟ್ಟು ಮೀನನ್ನು ಕರೆಯುವ ವಿದ್ಯೆಯೂ ಬಂತು. 2017ರಲ್ಲಿ ಕೇಂದ್ರ ಸರಕಾರ ಅದನ್ನು ನಿಷೇಧಿಸಿತು. ಕಡಲ ಮೀನುಗಾರಿಕೆಯನ್ನು ಕ್ರಮಪಡಿಸುವ ರಾಜ್ಯದ ಕಾನೂನು 1986ರಿಂದಲೂ ಇದೆ. ಜನ ತಿನ್ನುತ್ತಿದ್ದ ಬೂತಾಯಿ ಎಷ್ಟೋ ಸಲ ಲಾರಿಯಲ್ಲಿ ಸೀದಾ ಮೀನಿನ ಹುಡಿ ಮಾಡುವ ಕಾರ್ಖಾನೆಗೆ ಹೋಗಿ ಕೋಳಿಗೂ ಸಾಕು ಸೀಗಡಿಗೂ ಆಹಾರವಾಗುತ್ತದೆ. ಹಿಂದೆ ಮೀನು ಹೆಚ್ಚಾದ ವರುಷ ತೆಂಗಿನ ಬುಡಕ್ಕೆ ಗೊಬ್ಬರ ಹಾಕುತ್ತಿದ್ದರು ಎಂಬುದೂ ನಿಜ. ಆದರೆ ಆಗ ಮೊದಲು ಹೊಟ್ಟೆ, ಆಮೇಲೆ ತೆಂಗು.

ದೂರಕ್ಕೆ ಹೋಗುವುದೆಂದರೆ ಏನೆಂದು ಆ ಊರು ಮರೆತಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ದೋಣಿ ಏಳು ಮಂದಿಯ ಸಮೇತ ಕಾಣೆಯಾಯಿತು. ಮರುತಿಂಗಳು ಸಾವಿರಾರು ಮೀನುಗಾರರು ಹುಡುಕಿ ಕೊಡಿ ಎಂದು ಹೆದ್ದಾರಿಗೆ ಇಳಿದರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಕಡಲಿನ ತಳದಲ್ಲಿ ದೋಣಿಯ ಅವಶೇಷ ಸಿಕ್ಕಿತು. ಮನುಷ್ಯರು ಸಿಕ್ಕಲಿಲ್ಲ. ನಾವು ಊಟದ ಎಲೆಯ ಮೇಲೆ ಮುಳ್ಳು ಬಿಡಿಸುತ್ತ ದರ ಜಾಸ್ತಿಯಾಯಿತೆಂದು ಗೊಣಗುವಾಗ ಈ ಲೆಕ್ಕ ಯಾರೂ ತೆಗೆಯುವುದಿಲ್ಲ.

ಆದುದರಿಂದ ಪ್ರವಾಸದ ಕಾರ್ಯಕ್ರಮದಲ್ಲಿ ಒಂದು ತಿದ್ದುಪಡಿ ಸೂಚಿಸುತ್ತೇನೆ. ಬೆಳಿಗ್ಗೆ ಕೃಷ್ಣ ಮಠ, ಮಧ್ಯಾಹ್ನ ದ್ವೀಪ, ಸಂಜೆ ಮರಳು ಎಂದು ಬರೆದಿದ್ದೀರಿ. ಮೊದಲು ಬಂದರಿಗೆ ಹೋಗಿ, ಬೆಳಕು ಹರಿಯುವ ಹೊತ್ತಿಗೆ. ಮಠವೂ ದ್ವೀಪವೂ ಎಲ್ಲಿಗೂ ಓಡಿಹೋಗುವುದಿಲ್ಲ. ಬಣ್ಣ ಬಣ್ಣದ ದೋಣಿಗಳು ಒಂದರ ಮೈಗೆ ಒಂದು ತಾಗಿ ಸಾಲುಗಟ್ಟಿ ನಿಂತಿರುತ್ತವೆ; ಬುಟ್ಟಿಗಳು ಕೈಯಿಂದ ಕೈಗೆ ಇಳಿಯುತ್ತವೆ; ಹರಾಜು ಕೂಗುವವನ ಬಾಯಿಂದ ತುಳು ಮಾತು ಕಾಳು ಸುರಿದಂತೆ ಸುರಿಯುತ್ತದೆ. ನಮ್ಮಲ್ಲಿ ವ್ಯಾಪಾರ ಮಾಡುವವರು ಅಲ್ಲಿ ಅರ್ಧ ಗಂಟೆ ನಿಂತು, ಮೀನು ಕೊಳ್ಳಲು ಬಂದ ಮೊಗವೀರ ಹೆಂಗಸರನ್ನು ನೋಡಬೇಕು. ದೊಡ್ಡ ಗಿರಾಕಿಗಳ ಲಾರಿಗಳ ನಡುವೆ ಒಂದು ಬುಟ್ಟಿಗೆ ಬೆಲೆ ಕೂಗಿ, ಐಸು ಹಾಕಿ, ಟೆಂಪೋ ಹಿಡಿದು, ಹತ್ತು ಗಂಟೆಯೊಳಗೆ ಯಾವುದೋ ಊರಿನ ಮಾರ್ಕೆಟಿನಲ್ಲಿ ಕೂತಿರಬೇಕು. ಸಂಜೆಯೊಳಗೆ ಮಾರದಿದ್ದರೆ ಬಂಡವಲೂ ಹೋಯಿತು. ನಮ್ಮ ಬಟ್ಟೆಯ ಅಂಗಡಿಯವರು ಮಾರದ ಥಾನನ್ನು ಮುಂದಿನ ಯುಗಾದಿಗೆ ಇಡಬಹುದು. ಆಕೆ ಬಂಗುಡೆಯನ್ನು ಇಡಲಾರಳು.

ಜೂನ್ ಒಂದರಿಂದ ಜುಲೈ ಮುಗಿಯುವವರೆಗೆ 61 ದಿನ ಯಂತ್ರದ ದೋಣಿಗಳಿಗೆ ರಜ, ಮೀನು ಮರಿಹಾಕುವ ಕಾಲವೆಂದು. ಆಗ ನಾಡದೋಣಿಯವರು ಮಾತ್ರ ಅಲೆ ನೋಡಿಕೊಂಡು ಇಳಿಯುತ್ತಾರೆ. ಮಳೆಗಾಲದಲ್ಲಿ ದ್ವೀಪಕ್ಕೂ ದೋಣಿ ಬಿಡುವುದಿಲ್ಲ. ನಾವು ಹೋಗುವುದು ಆ ಕಾಲದಲ್ಲಲ್ಲ, ಆದ್ದರಿಂದ ತೊಂದರೆಯಿಲ್ಲ. ಕೆಲವು ಕಡೆ ಬೆಳಿಗ್ಗೆ ಕೈರಂಪಣಿ ಎಂಬ ಸಣ್ಣ ಬಲೆಯನ್ನು ಇಂದಿಗೂ ದಡಕ್ಕೆ ಎಳೆಯುತ್ತಾರೆ. ಕಂಡರೆ ಹಗ್ಗಕ್ಕೆ ಕೈ ಹಚ್ಚಿ. ಫೋಟೋ ಆಮೇಲೆ ತೆಗೆಯಬಹುದು.

ಇನ್ನೊಂದು ಮಾತು ಇದೆ, ಹೇಳಲು ಹಿತವಾದುದಲ್ಲ. ಇಂದು ಮಲ್ಪೆಯ ದೋಣಿಗಳ ಮೇಲೆ, ಧಕ್ಕೆಯ ಮೇಲೆ ದುಡಿಯುವವರಲ್ಲಿ ಊರಿನವರಷ್ಟೇ ಇಲ್ಲ. ಉತ್ತರ ಕನ್ನಡದವರು, ಆಂಧ್ರದವರು, ಒಡಿಶಾದವರು, ಜಾರ್ಖಂಡಿನವರು ಇದ್ದಾರೆ. ಮೀನು ಹೊರುವ, ವಿಂಗಡಿಸುವ ಕೆಲಸಕ್ಕೆ ನಮ್ಮ ಬಯಲುಸೀಮೆಯ ಮಳೆಯಿಲ್ಲದ ಊರುಗಳಿಂದ ಹೋದ ಗಂಡಸರು, ಹೆಂಗಸರು ಇದ್ದಾರೆ. ರಂಪಣಿಯ ಕಾಲದಲ್ಲಿ ದಡಕ್ಕೆ ಬಿದ್ದ ಮೀನಿನಲ್ಲಿ ಎಳೆದ ಕೈಗೆ ಒಂದು ಪಾಲು ಇತ್ತು ಎಂದೆನಲ್ಲ. 2025ರ ಮಾರ್ಚಿಯಲ್ಲಿ ಅದೇ ಬಂದರಿನಲ್ಲಿ, ಮೀನು ಕದ್ದಳೆಂಬ ಆಪಾದನೆಯ ಮೇಲೆ, ಹೀಗೆ ಕೂಲಿಗೆ ಹೋಗಿದ್ದ ದಲಿತ ಹೆಣ್ಣುಮಗಳೊಬ್ಬಳನ್ನು ಮರಕ್ಕೆ ಕಟ್ಟಿ ಹೊಡೆದರು. ಸುತ್ತ ಜನ ನಿಂತಿದ್ದರು. ಯಾರೋ ಮೊಬೈಲಿನಲ್ಲಿ ಚಿತ್ರ ತೆಗೆದರು, ಅದರಿಂದಲೇ ನಾಡಿಗೆ ಗೊತ್ತಾಯಿತು. ಮುಖ್ಯಮಂತ್ರಿಗಳು ಖಂಡಿಸಿದರು, ಪೊಲೀಸರು ಕೆಲವರನ್ನು ಹಿಡಿದರು. ಕೆಲವು ದಿನ ಪತ್ರಿಕೆಗಳಲ್ಲಿ ಬಂತು.

ನೀವು ಬಂದರಿನಲ್ಲಿ ಇಳಿಯುವಾಗ ಅಂಥ ಹೆಂಗಸರು ಕುಕ್ಕುರುಗಾಲಿನಲ್ಲಿ ಕೂತು ದೊಡ್ಡ ಮೀನು, ಸಣ್ಣ ಮೀನು ಬೇರೆ ಮಾಡುತ್ತಿರುತ್ತಾರೆ. ಕಿವಿಗೊಟ್ಟು ಕೇಳಿದರೆ ಅವರ ಮಾತು ತುಳುವಲ್ಲ, ನಮ್ಮ ಕಡೆಯ ಮಾತು. ಯಾವ ಊರವ್ವಾ ಎಂದು ಕೇಳಿ.